ಹೆಚ್ಚು ಬಂದ ಅಂಕವೇ ನನ್ನದು

ಬೇರೆಯವರಿಗೆ ಅಂಕ ಹಾಕುತ್ತಲೇ ಆಯುಷ್ಯ ಕಳೆದವನು ನಾನು. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವುದು, ಪರೀಕ್ಷೆ ಮುಗಿದ ಮೇಲೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರದಲ್ಲಿ ಕೆಂಪು ಪೆನ್ನು ಹಿಡಿದು ಕೂರುವುದು, ಇದೇ ನನ್ನ ಕಸುಬು. ಫಲಿತಾಂಶ ಬಂದ ದಿನ ಅಳುತ್ತಾ ಬರುವ ಹುಡುಗರಿಗೆ ನಾನು ಹೇಳುವ ಮಾತೂ ಒಂದೇ: ಅಂಕ ನೋಡಿ ಮನುಷ್ಯನನ್ನು ಅಳೆಯಬಾರದು ಕಣ್ರೋ. ಈ ಮಾತನ್ನು ನಾನೇ ಎಷ್ಟರಮಟ್ಟಿಗೆ ನಂಬಿದ್ದೇನೆ ಎನ್ನುವುದು ನನಗೆ ಅಂಕ ಬಂದಾಗ ಗೊತ್ತಾಯಿತು. ಬಂದದ್ದಾದರೂ ಒಂದಲ್ಲ, ಮೂರು.

ಮೊಬೈಲಿನಲ್ಲಿ ಹಣ ಕಳಿಸುವ ಆಪ್ ನನ್ನ ಕ್ರೆಡಿಟ್ ಸ್ಕೋರ್ 786 ಎಂದು ತೋರಿಸುತ್ತಿತ್ತು. ಇನ್ನೊಂದು ಆಪ್ 751 ಎನ್ನುತ್ತಿತ್ತು. ಮನೆಯ ಮೇಲೆ ಎರಡು ಕೋಣೆ ಕಟ್ಟಿಸೋಣವೆಂದು ಸಾಲ ಕೇಳಲು ಬ್ಯಾಂಕಿಗೆ ಹೋದರೆ ಅಲ್ಲಿನ ಅಧಿಕಾರಿ ಪರದೆ ನೋಡುತ್ತಲೇ, “ಸಾರ್, ನಿಮ್ಮ ಸಿಬಿಲ್ 718 ಬರ್ತಿದೆ” ಎಂದರು. “ಅದು ಹೇಗಾಗತ್ತೆ ಮೇಡಂ, ಇಲ್ಲಿ ನೋಡಿ” ಎಂದು ಫೋನನ್ನು ಮುಂದೆ ಹಿಡಿದು 786 ತೋರಿಸಿದೆ. 751 ತೋರಿಸುವ ಆಪನ್ನು ತೆರೆಯಲಿಲ್ಲ. ಆಕೆ ಬೇಜಾರು ಮಾಡಿಕೊಳ್ಳದೆ, “ಆಪಲ್ಲಿ ಬರೋದು ಬೇರೆ ಸಾರ್, ನಮಗೆ ಬರೋದು ಬೇರೆ. ದಿನಾ ಎಲ್ಲರೂ ಇದನ್ನೇ ತೋರಿಸ್ತಾರೆ” ಎಂದು ನಕ್ಕರು.

ತೆರೆಯದೆ ಬಿಟ್ಟ ಆ ಇನ್ನೊಂದು ಆಪ್ ನನ್ನನ್ನು ಬಹಳ ದಿನ ಕಾಡಿತು. ಮೂರು ಸಂಖ್ಯೆಗಳಲ್ಲಿ ಯಾವುದು ಸರಿ ಎನ್ನುವ ಗೊಂದಲ ಎಲ್ಲರಿಗೂ ಇರುವುದೇ. ನನ್ನ ವಿಷಯದಲ್ಲಿ ಗೊಂದಲಕ್ಕೆ ಮೊದಲೇ ತೀರ್ಮಾನ ಆಗಿಹೋಗಿತ್ತು: ಹೆಚ್ಚು ಬಂದದ್ದು ಸರಿ, ಕಡಿಮೆ ಬಂದದ್ದು ತಪ್ಪು. ಯಾರಾದರೂ ಹುಡುಗ ಹೀಗೆ ವಾದಿಸಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಹಾಗಾಗಿ ಮೊದಲು ಲೆಕ್ಕ ಕಲಿಯೋಣವೆಂದು ಕೂತೆ. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದು ನಮ್ಮ ಸಾಲದ ಚರಿತ್ರೆ ಬರೆದಿಡುವ ಕಂಪನಿಗಳು ದೇಶದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಸಿಬಿಲ್ ಹುಟ್ಟಿದ್ದು 2000ದಲ್ಲಿ. ಇಂಥ ಕಂಪನಿಗಳಿಗೆಂದೇ ಕಾಯ್ದೆ ಬಂದದ್ದು 2005ರಲ್ಲಿ. ಉಳಿದ ಮೂರು ಕಂಪನಿಗಳು ಪರವಾನಗಿ ಪಡೆದು ಬಂದದ್ದು 2010ರ ಸುಮಾರಿಗೆ. ಮೊದಲು ಬಂದದ್ದರ ಹೆಸರೇ ಬಾಯಲ್ಲಿ ಉಳಿದು, ನಾವು ಎಲ್ಲ ಸ್ಕೋರನ್ನೂ ಸಿಬಿಲ್ ಎಂದೇ ಕರೆಯುತ್ತೇವೆ. ನನ್ನ ಫೋನಿನಲ್ಲಿದ್ದ ಎರಡು ಆಪ್‌ಗಳಲ್ಲಿ ಒಂದೂ ಸಿಬಿಲ್ಲಿನ ಅಂಕ ತೋರಿಸುತ್ತಿರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಬೇರೆ ಬೇರೆ ಕಂಪನಿಗಳ ಹೆಸರಿತ್ತು. ಪ್ರಶ್ನೆಪತ್ರಿಕೆಯನ್ನು ಕೊನೆಯ ಸಾಲಿನವರೆಗೂ ಓದಿ ಎಂದು ಹುಡುಗರಿಗೆ ಹೇಳುವ ಮೇಷ್ಟ್ರು ಆ ಸಾಲಿನವರೆಗೆ ಹೋಗಿರಲಿಲ್ಲ.

ಅಂಕ ಬೇರೆಯಾಗುವುದೇಕೆ? ನನ್ನ ಕಸುಬಿನಿಂದಲೇ ಹೇಳುತ್ತೇನೆ. ಮೌಲ್ಯಮಾಪನ ಕೇಂದ್ರದಲ್ಲಿ ನಮ್ಮ ಕೈಗೆ ಮಾದರಿ ಉತ್ತರ ಕೊಟ್ಟಿರುತ್ತಾರೆ. ಸೂತ್ರ ಬರೆದರೆ ಅರ್ಧ ಅಂಕ, ಬೆಲೆ ಹಾಕಿದರೆ ಅರ್ಧ, ಉತ್ತರಕ್ಕೆ ಒಂದು ಎಂದು ಹಂತಹಂತವಾಗಿ ಹಂಚಿರುತ್ತದೆ. ಅಷ್ಟು ಕಟ್ಟುನಿಟ್ಟಿದ್ದರೂ ಮರುಮೌಲ್ಯಮಾಪನಕ್ಕೆ ಹೋದ ಪತ್ರಿಕೆಯಲ್ಲಿ ಅಂಕ ಅತ್ತಿತ್ತ ಆಗುತ್ತದೆ. ಹೀಗಿರುವಾಗ ನಾಲ್ವರಿಗೆ ನಾಲ್ಕು ಬಗೆಯ ಮಾದರಿ ಉತ್ತರ ಕೊಟ್ಟು, ಒಬ್ಬೊಬ್ಬರಿಗೆ ಉತ್ತರಪತ್ರಿಕೆಯ ಒಂದೊಂದು ಹಾಳೆ ಕಡಿಮೆ ಕೊಟ್ಟು, ಬೇರೆ ಬೇರೆ ದಿನ ತಿದ್ದಿಸಿದರೆ ಅಂಕ ಒಂದೇ ಬರುವುದುಂಟೆ?

ಕ್ರೆಡಿಟ್ ಸ್ಕೋರಿನಲ್ಲಿ ನಡೆಯುವುದು ಹೆಚ್ಚುಕಡಿಮೆ ಇಷ್ಟೇ. ಕಂತು ಹೊತ್ತಿಗೆ ಕಟ್ಟಿದ್ದೀರಾ, ಕಾರ್ಡಿನ ಮಿತಿಯಲ್ಲಿ ಎಷ್ಟು ಬಳಸಿದ್ದೀರಿ, ಸಾಲದ ಚರಿತ್ರೆ ಎಷ್ಟು ಹಳೆಯದು, ಈಚೆಗೆ ಎಷ್ಟು ಕಡೆ ಸಾಲ ಕೇಳಿದ್ದೀರಿ, ಇವನ್ನು ನಾಲ್ಕೂ ಕಂಪನಿಗಳು ನೋಡುತ್ತವೆ. ಯಾವುದಕ್ಕೆ ಎಷ್ಟು ತೂಕ ಎನ್ನುವ ಸೂತ್ರ ಮಾತ್ರ ಒಂದೊಂದರದು ಒಂದೊಂದು. ಅದನ್ನು ಹೊರಗೆ ಬಿಟ್ಟುಕೊಡುವುದಿಲ್ಲ. ಒಂದೇ ಕಂಪನಿ ತನ್ನ ಸೂತ್ರವನ್ನು ಆಗಾಗ ಹೊಸದು ಮಾಡುತ್ತದೆ. ಹೊಸದು ಬಂದರೂ ಹಳೆಯ ಆವೃತ್ತಿಯನ್ನೇ ಬಳಸುವ ಬ್ಯಾಂಕುಗಳಿರುತ್ತವೆ. ಅದರ ಮೇಲೆ ಬ್ಯಾಂಕಿನ ಸ್ವಂತ ಲೆಕ್ಕವೊಂದು ಇರುತ್ತದೆ: ಸಂಬಳ, ನೌಕರಿ, ವಯಸ್ಸು, ತಮ್ಮಲ್ಲಿರುವ ಖಾತೆಯ ವಹಿವಾಟು.

ಮಾಹಿತಿ ತಲಪುವುದರಲ್ಲೂ ಹಿಂದುಮುಂದಾಗುತ್ತದೆ. ಸಾಲ ಕೊಡುವ ಸಂಸ್ಥೆಗಳೆಲ್ಲ ನಾಲ್ಕೂ ಕಂಪನಿಗಳ ಸದಸ್ಯರಾಗಿ ಮಾಹಿತಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2015ರಲ್ಲಿ ಹೇಳಿತು. ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದ ಮಾಹಿತಿ 2025ರ ಜನವರಿಯಿಂದ ಹದಿನೈದು ದಿನಕ್ಕೊಮ್ಮೆ ಹೋಗಬೇಕಾಯಿತು. ಆದರೂ ಒಂದು ಕಡೆ ಇಂದು ದಾಖಲಾದದ್ದು ಇನ್ನೊಂದು ಕಡೆ ವಾರ ತಡವಾಗಿ ದಾಖಲಾಗುತ್ತದೆ. ಆಪ್ ತೋರಿಸುವುದು ಹೋದ ತಿಂಗಳು ಎಳೆದಿಟ್ಟ ಅಂಕವೂ ಆಗಿರಬಹುದು.

ಇನ್ನು ನಮ್ಮ ಇನಿಷಿಯಲ್ಲುಗಳ ಕತೆ ಬೇರೆಯೇ ಇದೆ. ಈ ಕಡೆಯ ಹೆಸರುಗಳಿಗೆ ಊರು, ಅಪ್ಪನ ಹೆಸರು ಎಲ್ಲ ಮುಂದೆ ಅಂಟಿಕೊಂಡಿರುತ್ತವೆ. ಒಂದು ಬ್ಯಾಂಕು ಎರಡು ಅಕ್ಷರ ಬರೆದು ಬಿಡುತ್ತದೆ, ಇನ್ನೊಂದು ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡುತ್ತದೆ, ಪಾನ್ ಕಾರ್ಡಿನಲ್ಲಿ ಮೂರನೆಯ ರೂಪ. ಹೆಸರು, ಹುಟ್ಟಿದ ತಾರೀಖು, ಪಾನ್, ಫೋನ್ ನಂಬರು, ವಿಳಾಸ ಹೊಂದಿಸಿ ಖಾತೆ ಜೋಡಿಸುವಾಗ ಹಳೆಯ ಸಾಲವೊಂದು ಹೊರಗುಳಿದರೆ ಆಶ್ಚರ್ಯವಿಲ್ಲ. ನಾನು ನೌಕರಿಯ ಆರಂಭದಲ್ಲಿ ತೆಗೆದುಕೊಂಡು ಚುಕ್ತಾ ಮಾಡಿದ ಸ್ಕೂಟರ್ ಸಾಲ ಒಂದು ವರದಿಯಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ.

ಗಣಿತದ ಮೇಷ್ಟ್ರಾದ ನಾನು ಇನ್ನೊಂದು ಲೆಕ್ಕವನ್ನೂ ಒಪ್ಪಿಸಬೇಕು. 900ಕ್ಕೆ 786 ಎಂದರೆ ಶೇಕಡ 87, ಡಿಸ್ಟಿಂಕ್ಷನ್ ಎಂದು ಮನಸ್ಸು ತಾನಾಗಿಯೇ ಭಾಗಿಸಿ ಹೇಳಿತ್ತು. ಈ ಸ್ಕೋರು ಶುರುವಾಗುವುದೇ 300ರಿಂದ. ಸೊನ್ನೆ ತೆಗೆಯುವವರು ಇಲ್ಲಿ ಯಾರೂ ಇಲ್ಲ. ಶೇಕಡಾವಾರು ಇದಕ್ಕೆ ಹೊಂದುವುದಿಲ್ಲ. ಈ ಸಂಖ್ಯೆ ಹೇಳುವುದು ಒಂದು ಅಂದಾಜನ್ನು: ಇವನಂಥ ಚರಿತ್ರೆ ಇರುವವರಲ್ಲಿ ಮುಂದೆ ಕಂತು ತಪ್ಪಿಸುವವರು ಎಷ್ಟು ಮಂದಿ ಇರಬಹುದು ಎಂಬುದನ್ನು. ಒಂದು ಕಂಪನಿಯ 750 ಇನ್ನೊಂದರ 750ಕ್ಕೆ ಸಮ ಎಂದು ಯಾರೂ ಖಾತರಿ ಕೊಟ್ಟಿಲ್ಲ. ಒಂದು ಲೆಕ್ಕಕ್ಕೆ ಒಂದೇ ಉತ್ತರ ಎಂಬ ನಂಬಿಕೆಯಲ್ಲಿ ತಲೆ ನೆರೆಸಿಕೊಂಡವನಿಗೆ, ನಾಲ್ಕು ಉತ್ತರಗಳೂ ತಮ್ಮತಮ್ಮ ಮಟ್ಟಿಗೆ ಸರಿ ಎನ್ನುವುದನ್ನು ನುಂಗಿಕೊಳ್ಳಲು ಸಮಯ ಹಿಡಿಯಿತು.

ಇಷ್ಟೆಲ್ಲ ತಿಳಿದ ಮೇಲೆ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. 718 ಎಂಬುದು ಊಟ ಮಾಡುವಾಗಲೂ ನೆನಪಾಗುತ್ತಿತ್ತು. ಆಮೇಲೆ ವರದಿಗಳನ್ನು ತರಿಸಿದೆ. 2017ರಿಂದ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ನಮ್ಮ ವರದಿಯನ್ನು ನಾವೇ ನೋಡಿದರೆ ಅಂಕ ಇಳಿಯುವುದೂ ಇಲ್ಲ. ಪ್ರಿಂಟ್ ಹಾಕಿಸಿ, ಪತ್ರಿಕೆ ತಿದ್ದುವ ಹಾಗೆಯೇ ಊಟದ ಮೇಜಿನ ಮೇಲೆ ಹರಡಿಕೊಂಡೆ.

ಒಂದೊಂದು ಸಾಲಕ್ಕೂ ತಿಂಗಳಿಗೊಂದರಂತೆ ಪುಟ್ಟ ಪುಟ್ಟ ಚೌಕಗಳು. ಚೌಕದಲ್ಲಿ 000 ಎಂದಿದ್ದರೆ ಬಾಕಿ ಇಲ್ಲ. 030 ಎಂದಿದ್ದರೆ ಕಂತು ಮೂವತ್ತು ದಿನ ತಡ. ಮೂರು ಎಕ್ಸ್ ಇದ್ದರೆ ಆ ತಿಂಗಳ ಮಾಹಿತಿಯನ್ನು ಬ್ಯಾಂಕು ಕಳಿಸಿಲ್ಲ. ನನ್ನ ಸಾಲಗಳ ಎದುರು ಸೊನ್ನೆಗಳ ಸಾಲು. ಸೊನ್ನೆ ಕಂಡು ಇಷ್ಟು ಖುಷಿ ಪಟ್ಟದ್ದು ಜೀವನದಲ್ಲೇ ಮೊದಲು. ಹಾಳೆ ಮಗುಚಿದರೆ ನನ್ನದಲ್ಲದ ಸಾಲವೊಂದು ಇತ್ತು. ಸಾಲದಲ್ಲಿ ನನ್ನ ಪಾತ್ರ ‘ಜಾಮೀನುದಾರ’ ಎಂದಿತ್ತು. ಅದರ ಚೌಕಗಳಲ್ಲಿ ಒಂದು ಕಡೆ 032, ಪಕ್ಕದಲ್ಲಿ 063, ಆಮೇಲೆ ಮತ್ತೆ 000. ಇದೇ ಸಾಲ ಇನ್ನೊಂದು ಕಂಪನಿಯ ವರದಿಯಲ್ಲಿ ಕಾಣಿಸಲೇ ಇಲ್ಲ. 786 ಬಂದದ್ದು ಅಲ್ಲಿಂದ.

ಮೇಷ್ಟ್ರುಗಳ ಬದುಕು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ಟಾಫ್ ರೂಮಿನಲ್ಲಿ ನನಗೆ ನೀನು, ನಿನಗೆ ನಾನು ಎಂದು ಜಾಮೀನು ನಿಲ್ಲುವುದು ಬೀಡಾ ಹಂಚಿಕೊಂಡಷ್ಟು ಸಹಜ. ನನ್ನ ಸಹೋದ್ಯೋಗಿಯೊಬ್ಬ ಸಹಕಾರಿ ಬ್ಯಾಂಕೊಂದರಲ್ಲಿ ತೆಗೆದ ಸಾಲಕ್ಕೆ ನಾನು ಸಹಿ ಹಾಕಿದ್ದೆ. ಹಾಕಿದ್ದನ್ನು ಮರೆತೂ ಬಿಟ್ಟಿದ್ದೆ.

ಆ ಎರಡು ಚೌಕಗಳನ್ನು ಕಂಡಾಗ ನನ್ನೊಳಗೆ ಮೊದಲು ಎದ್ದ ಮಾತು, ‘ಇವನಿಂದ ನನ್ನ ಅಂಕ ಹೋಯ್ತಲ್ಲ’ ಎಂಬುದು. ಮೈಯೆಲ್ಲ ಉರಿಯಿತು. ನಾನು ಬರೆದಿಡಬೇಕಾದದ್ದು ಇದೇ. ಯಾಕೆಂದರೆ ಆ ಎರಡು ತಿಂಗಳು ಯಾವುವು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವನ ಹೆಂಡತಿಗೆ ಹುಷಾರು ತಪ್ಪಿ, ಅವನು ಮಣಿಪಾಲಕ್ಕೂ ಊರಿಗೂ ಓಡಾಡುತ್ತಿದ್ದ ತಿಂಗಳುಗಳು. ಅವನ ಒಂಬತ್ತನೇ ತರಗತಿಯ ಪೀರಿಯಡ್ಡುಗಳನ್ನು ಆಗ ತೆಗೆದುಕೊಂಡವನು ನಾನೇ. ತಲೆ ಕೆಡಿಸಿಕೊಳ್ಳಬೇಡ, ಶಾಲೆಯ ಕಡೆ ನಾವಿದ್ದೇವೆ ಎಂದವನೂ ನಾನೇ. ಅದೇ ನಾನು, ಅದೇ ತಿಂಗಳು ಒಂದು ಕಾಗದದ ಮೇಲೆ ಚೌಕವಾಗಿ ಎದುರು ಬಂದಾಗ ಮನುಷ್ಯನನ್ನು ಬಿಟ್ಟು ಅಂಕದ ಹಿಂದೆ ಹೋದೆ. ಅವನು ಸುಧಾರಿಸಿಕೊಂಡ ಕೂಡಲೇ ಬಾಕಿ ತೀರಿಸಿ ಮತ್ತೆ ಸೊನ್ನೆಗಳ ಸಾಲು ಶುರು ಮಾಡಿದ್ದ. ಆ ಸೊನ್ನೆಗಳು ನನ್ನ ಕಣ್ಣಿಗೆ ಬಿದ್ದದ್ದು ಬಹಳ ತಡವಾಗಿ.

ಬ್ಯಾಂಕಿನ ದೃಷ್ಟಿಯಲ್ಲಿ ಆ ಚೌಕ ತಪ್ಪೇನೂ ಅಲ್ಲ. ಕಂತು ತಡವಾದದ್ದು ನಿಜ, ಜಾಮೀನು ಹಾಕಿದ್ದೂ ನಿಜ. ಸಾಲಗಾರ ಕಟ್ಟದಿದ್ದರೆ ನಾನು ಕಟ್ಟಬೇಕೆನ್ನುವುದು ಸಹಿಯ ಅರ್ಥ. ಆಸ್ಪತ್ರೆಯ ವಾರ್ಡನ್ನು ಚೌಕದೊಳಗೆ ಬರೆಯಲು ಜಾಗವಿಲ್ಲ, ಬರೆಯಿರಿ ಎಂದು ಕೇಳುವುದೂ ತರವಲ್ಲ. ನನಗೆ ಗೊತ್ತಿದ್ದ ಆ ಮಿಕ್ಕ ಕತೆಯನ್ನು ನಾನೇ ಒರೆಸಿಹಾಕಲು ಹೊರಟದ್ದು ಮಾತ್ರ ನನ್ನ ಲೆಕ್ಕಕ್ಕೆ ಬರಬೇಕು. ಅವನಿಗೆ ಈ ವಿಷಯ ಹೇಳಿಲ್ಲ. ಹೇಳುವುದೂ ಇಲ್ಲ.

ವರದಿಯಲ್ಲಿ ಇಲ್ಲದ್ದನ್ನೂ ಹುಡುಕಿದೆ. ನೌಕರರ ಪತ್ತಿನ ಸಹಕಾರ ಸಂಘದಲ್ಲಿ ಮಗನ ಓದಿಗೆಂದು ತೆಗೆದ ಸಾಲ ಸಂಬಳದಲ್ಲೇ ಕಟಾವಣೆಯಾಗಿ ತೀರಿತು. ನಾಲ್ಕೂ ವರದಿಗಳಲ್ಲಿ ಅದರ ಸುಳಿವಿಲ್ಲ. ಬೀದಿಯ ಹೆಂಗಸರ ಜೊತೆ ನನ್ನ ಹೆಂಡತಿ ನಡೆಸಿದ ಚೀಟಿ ಒಂದು ಸಲವೂ ತಪ್ಪಲಿಲ್ಲ. ಅದೂ ಇಲ್ಲ. ಕಾಣುವುದು ಯಾವುದು? ಐವತ್ತು ಸಾವಿರ ಮಿತಿಯ ಕಾರ್ಡಿನಲ್ಲಿ ಫ್ರಿಜ್ ಕೊಂಡು, ಬಿಲ್ಲನ್ನು ಪೂರ್ತಿ ಕಟ್ಟಿದ್ದರೂ, ಬಿಲ್ ತಯಾರಾದ ದಿನ ಮಿತಿಯ ಬಹುಪಾಲು ಬಳಕೆಯಾಗಿತ್ತು ಎನ್ನುವುದು. ಒಂದು ಸೂತ್ರ ಇದಕ್ಕೆ ಹೆಚ್ಚು ಅಂಕ ಕಡಿಯಬಹುದು, ಇನ್ನೊಂದು ಕಡಿಮೆ. ನಮ್ಮ ಮನೆಯವರು ನಿಯತ್ತು ಎಂದು ತಿಳಿದುಕೊಂಡ ಎಷ್ಟೋ ಕೆಲಸ ಈ ವ್ಯವಸ್ಥೆಯ ಕಣ್ಣಿಗೆ ಬೀಳುವುದೇ ಇಲ್ಲ. ಊರಿನ ತುಂಬ ಇಂಥವರಿದ್ದಾರೆ. ಸಾಲವನ್ನೇ ಮಾಡದೆ ಬದುಕಿದವರಿಗೆ ಅಂಕವೇ ಇರುವುದಿಲ್ಲ. ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ಚರಿತ್ರೆಯಿಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಹೇಳಬೇಕಾಗಿ ಬಂತು.

ಅಮೆರಿಕದಲ್ಲಿರುವ ಮಗನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. “ಅಪ್ಪಾ, ಇಲ್ಲೂ ಇದೇ ಗೋಳು” ಎಂದ. ಅಲ್ಲಿ ಫೈಕೋ ಎಂಬ ಕಂಪನಿ 1956ರಿಂದ ಇದೆ, ಅದರ ಸ್ಕೋರು 1989ರಿಂದ. ಅಲ್ಲಿ ಸಾಲದ ಚರಿತ್ರೆ ಬರೆದಿಡುವ ಮೂರು ಕಂಪನಿಗಳು ಸೇರಿ 2006ರಲ್ಲಿ ವಾಂಟೇಜ್ ಸ್ಕೋರ್ ಎಂಬ ಇನ್ನೊಂದನ್ನು ತಂದವು. ಎರಡಕ್ಕೂ ಆವೃತ್ತಿಗಳು ಹಲವು. ಪುಕ್ಕಟೆ ಆಪ್‌ಗಳಲ್ಲಿ ಎಷ್ಟೋ ವಾಂಟೇಜ್ ತೋರಿಸುತ್ತವೆ. ಮನೆ ಸಾಲ ಕೊಡುವವರು ಬಹಳ ಕಾಲ ಫೈಕೋದ ಹಳೆಯ ಆವೃತ್ತಿಗಳನ್ನೇ ನೋಡುತ್ತಿದ್ದರು. ಇಲ್ಲಿ ಗರಿಷ್ಠ 900, ಅಲ್ಲಿ 850. ಇಲ್ಲಿ ಸೊನ್ನೆಗಳ ಸಾಲು ಬರೆಸಿಕೊಂಡು ಹೋದ ನನ್ನ ಮಗ ಅಲ್ಲಿ ಇಳಿದ ದಿನ ಚರಿತ್ರೆಯೇ ಇಲ್ಲದವನಾಗಿದ್ದ. ಠೇವಣಿ ಇಟ್ಟು ಸಣ್ಣ ಮಿತಿಯ ಕಾರ್ಡು ಪಡೆದು ಅ ಆ ಇ ಈಯಿಂದ ಶುರು ಮಾಡಿದ. ಮನುಷ್ಯ ಅವನೇ, ಬಟ್ಟೆಯ ಪೆಟ್ಟಿಗೆಯೂ ಅದೇ.

ಅಂಕದ ಹುಚ್ಚು ನನ್ನಲ್ಲಿ ಎಷ್ಟು ಆಳಕ್ಕೆ ಹೋಗಿತ್ತೆಂದರೆ, ಹೆಂಡತಿಯ ಅಣ್ಣನ ಮಗಳಿಗೆ ಹುಡುಗನನ್ನು ನೋಡುವ ಮಾತು ನಡೆಯುತ್ತಿದ್ದಾಗ, ‘ಹುಡುಗನ ಸಿಬಿಲ್ ಎಷ್ಟೋ’ ಎಂದು ಒಳಗೊಳಗೇ ಅಂದುಕೊಂಡೆ. ಬಾಯಿಬಿಟ್ಟು ಕೇಳಲಿಲ್ಲ. ಅಷ್ಟರಲ್ಲಿ ಬ್ರೋಕರೇ, “ಈಗೆಲ್ಲ ಜಾತಕದ ಜೊತೆ ಸಿಬಿಲ್ಲೂ ಕೇಳ್ತಾರೆ ಸ್ವಾಮಿ” ಎಂದು ನಗೆಯಾಡಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಾಲ ಮುಚ್ಚಿಟ್ಟು ಮದುವೆಯಾಗುವವರ ವಿಷಯದಲ್ಲಿ ಆ ಭಯಕ್ಕೆ ಕಾರಣವಿದೆ, ಒಪ್ಪುತ್ತೇನೆ. ಅದಕ್ಕೆ ಕೇಳಬೇಕಾದದ್ದು ಸಾಲ ಎಷ್ಟಿದೆ, ಯಾತಕ್ಕೆ ಮಾಡಿದ್ದು ಎಂದು. ನನಗೆ ಬೇಕಾಗಿದ್ದುದು ಕೇಳಿ ವಿಚಾರಿಸುವ ಕಷ್ಟವನ್ನೇ ತಪ್ಪಿಸುವ ಒಂದು ಸಂಖ್ಯೆ.

ಇಲ್ಲಿಗೆ ಬಂದ ಮೇಲೆ ನನ್ನ ಗೊಂದಲದ ಮೂಲ ನನಗೆ ಕಾಣಿಸಿತು. ಬ್ಯಾಂಕಿಗೆ ಬೇಕಾಗಿರುವುದು ತನ್ನ ದುಡ್ಡು ಹಿಂದಕ್ಕೆ ಬರುತ್ತದೆಯೇ ಎಂಬ ಅಂದಾಜು. ಅದಕ್ಕೆ ನಾಲ್ಕು ಕಂಪನಿಗಳು ನಾಲ್ಕು ಅಂದಾಜು ಕೊಟ್ಟರೆ ಬ್ಯಾಂಕಿಗೆ ಯಾವ ಗಾಬರಿಯೂ ಇಲ್ಲ. ನನಗೆ ಬೇಕಾಗಿದ್ದದ್ದು ನಾನು ಒಳ್ಳೆಯವನು ಎಂಬ ಸರ್ಟಿಫಿಕೇಟು. ನಡತೆಯ ಸರ್ಟಿಫಿಕೇಟು ನಾಲ್ಕು ನಮೂನೆಯಲ್ಲಿ ಬಂದರೆ ಯಾರಿಗಾದರೂ ಗಾಬರಿಯಾಗುತ್ತದೆ. ಹೆಚ್ಚು ಬಂದದ್ದನ್ನು ಹಿಡಿದುಕೊಂಡು ಕಡಿಮೆ ಬಂದದ್ದನ್ನು ಬಚ್ಚಿಟ್ಟದ್ದು ಅದಕ್ಕೇ. ಕಂತು ಹೊತ್ತಿಗೆ ಕಟ್ಟುವುದು ಒಳ್ಳೆಯ ಅಭ್ಯಾಸ, ಸಂಶಯವಿಲ್ಲ. ಅದರಾಚೆ ನನ್ನ ಬಗ್ಗೆ ಆ ಕಂಪನಿಗಳಿಗೆ ಏನೂ ಗೊತ್ತಿಲ್ಲ, ಗೊತ್ತು ಎಂದು ಅವು ಹೇಳಿಕೊಂಡೂ ಇಲ್ಲ.

ಹಾಗೆಂದು ಈ ಸಂಖ್ಯೆಯನ್ನು ತಾತ್ಸಾರ ಮಾಡುವ ವೈರಾಗ್ಯ ನನಗೆ ಬಂದಿಲ್ಲ, ಬರಬೇಕಾಗಿಯೂ ಇಲ್ಲ. ಕೆಲವು ಬ್ಯಾಂಕುಗಳು ಗೃಹಸಾಲದ ಬಡ್ಡಿಯನ್ನೇ ಸ್ಕೋರಿನ ಶ್ರೇಣಿಗೆ ತಕ್ಕಂತೆ ನಿಗದಿ ಮಾಡುತ್ತವೆ. 30 ಲಕ್ಷ ರೂಪಾಯಿಯನ್ನು 20 ವರ್ಷಕ್ಕೆ ಶೇಕಡ 8.5ರಂತೆ ತೆಗೆದರೆ ಕಂತು ಸುಮಾರು 26,035 ರೂಪಾಯಿ. ಬಡ್ಡಿ 8.75 ಆದರೆ ಸುಮಾರು 26,511. ತಿಂಗಳಿಗೆ 476 ರೂಪಾಯಿ ಎಂದರೆ ಏನೂ ಅಲ್ಲ ಅನಿಸುತ್ತದೆ. ಇಪ್ಪತ್ತು ವರ್ಷಕ್ಕೆ ಅದು 1 ಲಕ್ಷ 14 ಸಾವಿರ ದಾಟುತ್ತದೆ. ನನ್ನದು ಸಣ್ಣ ಸಾಲ, ಮಂಜೂರೂ ಆಯಿತು. ಮನೆ ಕಟ್ಟಲು ಹೊರಟ ಸಣ್ಣ ವಯಸ್ಸಿನವರಿಗೆ ಈ ಕಾಲು ಪರ್ಸೆಂಟು ಹಗುರವಾದ ಮಾತಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಮೂರು ಆಪ್ ಇಟ್ಟುಕೊಂಡು ಅಂಕಗಳನ್ನು ಹೋಲಿಸುತ್ತಾ ಕೂರಬೇಡಿ. ಸಾಲ ಕೇಳುವ ಮೊದಲು, ನೀವು ಯಾವ ಕಂಪನಿಯ ವರದಿ ನೋಡುತ್ತೀರಿ ಎಂದು ಬ್ಯಾಂಕಿನಲ್ಲೇ ಕೇಳಿ. ವರ್ಷಕ್ಕೊಮ್ಮೆ ನಾಲ್ಕೂ ವರದಿ ತರಿಸಿ, ಅಂಕದ ಪುಟ ಬಿಟ್ಟು ಒಳಗಿನ ಚೌಕಗಳನ್ನು ಓದಿ. ಹೆಸರು ಸರಿಯಿದೆಯೇ, ತೀರಿಸಿದ ಸಾಲದ ಮುಂದೆ ‘ಮುಕ್ತಾಯ’ ಎಂದಿದೆಯೇ, ರಾಜಿ ಮಾಡಿಕೊಂಡು ತೀರಿಸಿದ್ದು ಎಂಬರ್ಥದ ‘ಸೆಟಲ್ಡ್’ ಎಂದಿದೆಯೇ, ನೀವು ಜಾಮೀನು ನಿಂತ ಸಾಲ ಹೇಗೆ ನಡೆಯುತ್ತಿದೆ, ನೋಡಿಕೊಳ್ಳಿ. ತಪ್ಪಿದ್ದರೆ ಬರೆದು ದೂರು ಕೊಡಿ. ಮೂವತ್ತು ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲಿನಿಂದ ಜಾರಿಯಲ್ಲಿದೆ. ಅದಕ್ಕೂ ಬಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಇನ್ನು ಯಾರಾದರೂ ನಿಮ್ಮ ಸ್ಕೋರ್ ಎಷ್ಟು ಎಂದು ಕೇಳಿದರೆ, ಯಾವ ಕಂಪನಿಯದು, ಯಾವ ತಾರೀಖಿನದು ಎಂದು ಮೊದಲು ಅವರನ್ನೇ ಕೇಳಿ. ಇದಕ್ಕೆ ಉತ್ತರ ಹೇಳಲಾಗದವರಿಗೆ ನಿಮ್ಮ ಅಂಕದಿಂದ ಆಗಬೇಕಾದದ್ದೂ ಏನೂ ಇಲ್ಲ.